ಕೀಲೆಣ್ಣೆ

ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬುದೊಂದುಂಟು. ಪಟಪಟ, ದಡದಡ, ಚಟಚಟ ಎಂದು ನಾಲ್ಕು ಉದಾಹರಣೆ ಕೊಟ್ಟು ಪಠ್ಯಪುಸ್ತಕಗಳು ಅದನ್ನು ಮುಗಿಸಿಬಿಡುತ್ತವೆ. ಅರ್ಥವಿಲ್ಲದ ಧ್ವನಿಗೆ ಅಷ್ಟು ಮರ್ಯಾದೆ ಸಾಕೆಂದು ಎಣಿಕೆಯೇನೋ. ಆದರೆ ಈ ಬಡ ಅವ್ಯಯಗಳಿಗೆ ಎಷ್ಟು ಅರ್ಥವಿದೆಯೆಂಬುದನ್ನು ನನಗೆ ತಿಳಿಸಿಕೊಟ್ಟದ್ದು ನಮ್ಮ ಮನೆಯ ಮೋಟಾರು ಗಾಡಿ.

ಅದು ವಿದ್ಯುತ್ ಕಾರು. ಬೆಂಗಳೂರಿನವರು 2001ರಲ್ಲಿ ರೇವಾ ಎಂಬ ಪುಟ್ಟ ಕಾರನ್ನು ರಸ್ತೆಗೆ ಬಿಟ್ಟಾಗ ನಕ್ಕವರು ಬಹಳ ಮಂದಿ. ಈಗ ಅದರ ಜಾತಿಯವು ಹುಣಸೂರಿನ ಬೀದಿಯಲ್ಲೂ ಕಾಣಸಿಗುತ್ತವೆ. ಈ ಗಾಡಿಗಳ ದೊಡ್ಡ ಗುಣ ಮೌನ. ಅದು ಎಷ್ಟರಮಟ್ಟಿಗೆಂದರೆ, ನಡೆದು ಹೋಗುವವರಿಗೆ ಸುಳಿವೇ ಹತ್ತುವುದಿಲ್ಲವೆಂದು, ನಿಧಾನವಾಗಿ ಹೋಗುವಾಗ ಇವು ಕೃತಕವಾಗಿಯಾದರೂ ಸದ್ದು ಮಾಡತಕ್ಕದ್ದೆಂದು ಯೂರೋಪಿನವರು ಕಾನೂನು ಮಾಡಿದ್ದಾರೆ; 2021ರ ಜುಲೈಯಿಂದ ಅಲ್ಲಿನ ಹೊಸ ಗಾಡಿಗಳೆಲ್ಲಕ್ಕೂ ಅದು ಅನ್ವಯ. ನಮ್ಮ ಗಾಡಿ ಯಾರ ಕಾನೂನಿಗೂ ಕಾಯದೆ ತಾನಾಗಿಯೇ ಸದ್ದು ಮಾಡತೊಡಗಿತು. ಸ್ಟಿಯರಿಂಗ್ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಕಿರ್, ಬಲಕ್ಕೆ ತಿರುಗಿಸಿದರೆ ಕಿರ್ರ್.

ವಾರಕ್ಕೊಮ್ಮೆ ನಾನು ತಾಯಿಯನ್ನು ಮೈಸೂರಿಗೆ, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದೆ. ಅವರ ಕಣ್ಣು ಮಂದವಾದಷ್ಟೂ ಕಿವಿ ಚುರುಕಾಗಿದೆ. "ಬಾವಿ ರಾಟೆ ಕೂಗಿದ ಹಾಗಿದೆಯಲ್ಲೋ" ಎಂದರು. ರೇಡಿಯೋ ಹಾಕಿಕೊಂಡರೆ ಕೇಳಿಸುವುದಿಲ್ಲವೆಂದು ಸಹೋದ್ಯೋಗಿ ಮಿತ್ರರು ಸಲಹೆಯಿತ್ತರು. ಆದರೆ ಕಿರುಗುಟ್ಟುತ್ತಿದ್ದದ್ದು ಬಾಗಿಲಲ್ಲ, ಕಿಟಕಿಯಲ್ಲ. ನಮ್ಮಿಬ್ಬರ ಪ್ರಾಣವೂ ಯಾವುದರ ಹಿಡಿತದಲ್ಲಿದೆಯೋ ಆ ಚಕ್ರ. ರಿಪೇರಿಯ ಅಂಗಡಿಗೆ ಒಯ್ದ ದಿನ ಜಡಿಮಳೆ, ಗಾಡಿ ತುಟಿಪಿಟಕ್ಕೆನ್ನಲಿಲ್ಲ. "ಏನೂ ಇಲ್ಲ ಸಾರ್" ಎಂದು ಕಳುಹಿಸಿಕೊಟ್ಟರು. ಮರುದಿನ ಬಿಸಿಲು ಬಂತು, ಕಿರ್ ಎಂದಿತು.

ಈಗ ಅವ್ಯಯ ಪ್ರಕರಣಕ್ಕೆ ಬರೋಣ. ಹಳ್ಳಕೊಳ್ಳದಲ್ಲಿ ಇಳಿದಾಗ 'ಕಟಕಟ' ಎಂದರೆ ಯಾವುದೋ ಕೀಲು ಸವೆದು ಸಡಿಲಾಗಿದೆಯೆಂದು ಶಂಕಿಸಬೇಕು. ಅದು ಅಪಾಯದ ಮಾತು. ವೇಗ ಏರಿದಂತೆ ಏರುವ 'ಗುಂಯ್' ಗಾಲಿಯ ಬೇರಿಂಗಿನದಿರಬಹುದು. 'ಕಿರ್' ಮಾತ್ರ ಬೇರೆ ಕುಲದ್ದು. ಒಣಗಿದ ಒಂದು ವಸ್ತು ಇನ್ನೊಂದಕ್ಕೆ ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರುವ ಸದ್ದು ಅದು. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಮಳೆಯಲ್ಲಿ ಅಡಗಿ ಬಿಸಿಲಲ್ಲಿ ಏಳುವ ಕಿರ್ ಆದರೆ ರಬ್ಬರಿನ ಮೇಲೆ ಗುಮಾನಿ ಹೋಗಬೇಕು.

ಭಾನುವಾರ ಗಾಡಿಯನ್ನು ಕಟ್ಟೆಮಳಲವಾಡಿಗೆ ಒಯ್ದೆ. ಲಕ್ಷ್ಮಣತೀರ್ಥದ ಕಟ್ಟೆಯಿರುವ ಆ ಊರು ನನ್ನ ತಾಯಿಯ ತವರು. ಹುಣಸೂರು ಸೀಮೆ ಒಂದು ಕಾಲಕ್ಕೆ ಅಮೃತಮಹಲ್ ದನಗಳಿಗೂ ಎತ್ತಿನ ಗಾಡಿಗಳಿಗೂ ಹೆಸರಾಗಿತ್ತು. ನನ್ನ ಸೋದರಮಾವ ಗಾಡಿ ಹೊಡೆದೇ ಸಂಸಾರ ತೂಗಿಸಿದವರು. ಅವರು ಮೊದಲು ಮಾಡಿದ ಕೆಲಸ, ನಾಲ್ಕು ಗಾಲಿಗೂ ಕಲ್ಲು ಕೊಟ್ಟದ್ದು. ಚಾಲೂ ಆಗಿದ್ದರೂ ಸದ್ದಿಲ್ಲದೆ ನಿಂತಿರುವ ಗಾಡಿಗೆ ಅದು ತೀರ ಅಗತ್ಯ. ನಾನು ಕುಳಿತು ಚಕ್ರ ತಿರುಗಿಸಿದೆ. ಅವರು ಹೊರಗೆ ಮುಂಗಾಲಿಗಳ ಬಳಿ ಕಿವಿಯಿಟ್ಟರು. ಅಲ್ಲಿ ಸದ್ದಿಲ್ಲ. ಆಮೇಲೆ ಅವರು ಕುಳಿತು ತಿರುಗಿಸಿದರು, ನಾನು ಬ್ರೇಕಿನ ಪೆಡಲಿನ ಬಳಿ ತಲೆ ತೂರಿಸಿದೆ. ಸ್ಟಿಯರಿಂಗಿನ ದಂಡ ಮುಂದಿನ ತಗಡಿನ ಗೋಡೆಯನ್ನು ತೂರಿ ಹೊರಗೆ ಹೋಗುವ ಕಡೆ, ಧೂಳು ನೀರು ಬಾರದಂತೆ ಒಂದು ರಬ್ಬರಿನ ಕವಚವಿರುತ್ತದೆ. ಬೆರಳಿಟ್ಟರೆ ಅದು ನಡುಗುತ್ತಿತ್ತು. ದಂಡಕ್ಕೂ ರಬ್ಬರಿಗೂ ನಡುವೆ ನಾಲ್ಕು ಹನಿ ನೀರು ಬಿಟ್ಟೆ, ಸದ್ದು ನಿಂತಿತು. ನೀರು ಆರಿದೊಡನೆ ಮತ್ತೆ ಬಂತು.

"ಗಾಡಿ ಅಳ್ತಾ ಇಲ್ಲ ಕಣಪ್ಪ, ಎಣ್ಣೆ ಕೇಳ್ತಾ ಅದೆ" ಎಂದರು ಮಾವ, ಕೀಲೆಣ್ಣೆಯ ಗೊಟ್ಟ ಹುಡುಕಲು ಎದ್ದೇ ಬಿಟ್ಟರು.

ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಕೀಲೆಣ್ಣೆಯನ್ನು ಕಂಡು ನಗುವ ಕಾರಣವಿಲ್ಲ. ಪೆಟ್ರೋಲಿಯಂ ಗ್ರೀಸು ಅನೇಕ ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಹರಳೆಣ್ಣೆ ಸ್ವಾಭಾವಿಕ ರಬ್ಬರನ್ನು ಅಷ್ಟು ನೋಯಿಸದು. ಹಿಂದೆ ಮೋಟಾರುಗಳ ಬ್ರೇಕಿನ ದ್ರವವನ್ನು ಹರಳೆಣ್ಣೆಯಿಂದಲೇ ಮಾಡುತ್ತಿದ್ದರು. ಆದರೆ ಹರಳೆಣ್ಣೆ ಕಾಲಕ್ರಮದಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಆದಕಾರಣ ಸಿಲಿಕೋನ್ ಗ್ರೀಸನ್ನು ತಂದು, ಗಾಡಿಯನ್ನು ಆರಿಸಿ, ಕವಚದ ತುಟಿಗೆ ಸುತ್ತಲೂ ತೆಳ್ಳಗೆ ಸವರಿದೆವು. ಚಕ್ರದ ಒಳಗಿರುವ ಗಾಳಿಚೀಲದ ಗೊಡವೆಗಾಗಲಿ, ಕಿತ್ತಳೆ ಬಣ್ಣದ ವಿದ್ಯುತ್ ತಂತಿಗಳ ಗೊಡವೆಗಾಗಲಿ ಹೋಗಲಿಲ್ಲ. ಅದು ಕಲಿತವರ ಕೆಲಸ. ಬಾಯಿ ಬಿಗಿದಂತೆ ಸದ್ದು ನಿಂತಿತು.

ಪೆಟ್ರೋಲ್ ಕಾರಿನಲ್ಲಿಯೂ ಇಂಥ ರಬ್ಬರು ಇರುತ್ತದೆ, ಒಣಗುತ್ತದೆ, ಕಿರುಗುಟ್ಟುತ್ತದೆ. ಎಂಜಿನ್ನಿನ ಗದ್ದಲದಲ್ಲಿ ಅದರ ದೂರು ಅನೇಕ ವೇಳೆ ಮುಳುಗಿಹೋಗುತ್ತದೆ. ಈಗ ಹೊಸದಾಗಿರುವುದು ಸದ್ದಲ್ಲ, ಅದು ಕೇಳಿಸುವುದು. ದೊಡ್ಡ ಗದ್ದಲ ಅಡಗಿದ ಮೇಲೆ ಸಣ್ಣ ಧ್ವನಿಗಳಿಗೂ ಸರದಿ ಬರುತ್ತದೆ.

ಮುಂದಿನ ಸಲ ಮೈಸೂರಿಗೆ ಹೊರಟಾಗ ಗಾಡಿಯಲ್ಲಿ ಗಾಳಿಯ ಸದ್ದಲ್ಲದೆ ಬೇರೇನಿರಲಿಲ್ಲ. ಬಿಳಿಕೆರೆ ದಾಟಿದ ಮೇಲೆ ತಾಯಿ ಮೆಲ್ಲಗೆ, "ಆಪರೇಷನ್ ಅಂದರೆ ನನಗೆ ಭಯವಾಗುತ್ತೆ ಕಣೋ" ಎಂದರು. ಅದುವರೆಗೆ ಆ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ನಾನು ಗಾಡಿಯ ವೇಗವನ್ನು ತಗ್ಗಿಸಿದೆ. ಮೈಸೂರು ಬರುವವರೆಗೂ ಅದೇ ಮಾತಾಡಿಕೊಂಡು ಹೋದೆವು.