ಚಮಚಗಳ ಜಲಚಕ್ರ

ಕಳೆದ ಬೇಸಿಗೆ ರಜೆಯಲ್ಲಿ ಗೋಕಾಕದ ಶಾಲೆಯೊಂದರ ಶಿಬಿರಕ್ಕೆ ನಾನು ಸ್ವಯಂಸೇವಕಿಯಾಗಿ ಹೋಗಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮಕ್ಕಳು ಬಂದಿದ್ದರು. ನನ್ನ ಗುಂಪಿನಲ್ಲಿ ಉರ್ದು ಮಾಧ್ಯಮದ ಒಬ್ಬ ಹುಡುಗಿ ಇದ್ದಳು. ಕನ್ನಡ ತಪ್ಪಾದೀತೆಂಬ ಅಂಜಿಕೆಯಿಂದ ಎರಡು ದಿನ ಬಾಯಿಯೇ ಬಿಡಲಿಲ್ಲ.

ಮೂರನೆಯ ದಿನ ಜಲಚಕ್ರ ಮಾಡಿದೆವು. ಥರ್ಮಾಕೋಲ್ ಬಿಲ್ಲೆಯ ಅಂಚಿಗೆ ಎಂಟು ಪ್ಲಾಸ್ಟಿಕ್ ಚಮಚ ಚುಚ್ಚಿ, ನಡುವೆ ಸೈಕಲ್ ಕಡ್ಡಿ ಬಿಗಿಯಾಗಿ ತೂರಿಸಿ, ಕಡ್ಡಿಯ ತುದಿಗಳನ್ನು ಎರಡು ಬಾಟಲಿಗಳ ತೂತಿನಲ್ಲಿ ಕೂರಿಸಿದೆವು. ಕಡ್ಡಿಗೆ ದಾರ ಕಟ್ಟಿ ಸಣ್ಣ ಕಲ್ಲೊಂದನ್ನು ಇಳಿಬಿಟ್ಟೆವು. ಗೇಣೆತ್ತರದಿಂದ ನೀರು ಸುರಿದಾಗ ಚಕ್ರ ಅಲುಗಿತಷ್ಟೆ. ಆ ಹುಡುಗಿ ಸುಮ್ಮನೆ ಬೆಂಚು ಹತ್ತಿ ತಂಬಿಗೆ ಬಗ್ಗಿಸಿದಳು. ದಾರ ಸುತ್ತಿಕೊಂಡು ಕಲ್ಲು ಮೇಲೆದ್ದಿತು.

“ಆಪಾ, ನೀರ ಮ್ಯಾಲಿಂದ ಬಿದ್ದಷ್ಟೂ ಜೋರ ತಿರಗತೈತಿ!” ಎಂದು ಕೂಗಿದಳು.

ನಾವು ಪಿಯುಸಿಯಲ್ಲಿ ಸ್ಥಿತಿಶಕ್ತಿ ಎಂದು ಬರೆಯುವುದು ಇದನ್ನೇ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟೆ ದಾಟಿ ಬರುವ ಘಟಪ್ರಭೆ, ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. 1887ರಲ್ಲಿಯೇ ಆ ನೀರಿನ ಬಲದಿಂದ ಇಲ್ಲಿಯ ನೂಲಿನ ಗಿರಣಿ ನಡೆಯಿತು ಎಂದು ಹೇಳಿದೆ. “ನಮ್ಮ ಹೊಲಕ್ಕೂ ಅದ ಹೊಳಿ ನೀರ ಕಾಲುವಿಗುಂಟ ಬರತೈತ್ರಿ” ಎಂದ ಮೂಡಲಗಿಯ ಹುಡುಗ.

ಸಂಜೆ ಆ ಹುಡುಗಿಯೇ ಉಳಿದ ಗುಂಪುಗಳಿಗೆ ಚಕ್ರ ತೋರಿಸಿ, ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ವಿವರಿಸಿದಳು. ಯಾರೂ ನಗಲಿಲ್ಲ, ಎಲ್ಲರ ಕಣ್ಣೂ ಕಲ್ಲಿನ ಮೇಲಿತ್ತು.

ಭಾಷೆ ಪೂರ್ತಿ ಬಂದ ಮೇಲೆ ಮಾತಾಡೋಣ ಎಂದು ಕಾಯುವವರು ನಮ್ಮ ತರಗತಿಗಳಲ್ಲೂ ಇದ್ದಾರೆ. ಗೆಳತಿಯರೇ, ಪ್ರಯೋಗಾಲಯದಲ್ಲಿ ಮೊದಲು ಅವರ ಕೈಗೆ ಉಪಕರಣ ಕೊಡೋಣ. ಕೈ ದುಡಿಯತೊಡಗಿದರೆ ಮಾತೂ ಹಿಂದೆಯೇ ಬರುತ್ತದೆ.