ಹಿತ್ತಿಲ ಮರಕ್ಕೆ ಬಂದ ಕಡಲ ಹದ್ದು

ಭಟ್ಕಳದ ನಮ್ಮ ಮನೆಯ ಮೇಲೆ ಕೆಂಗಂದು ರೆಕ್ಕೆಯ ಗರುಡಗಳು ಸುತ್ತುವುದು ದಿನನಿತ್ಯದ ನೋಟ. ಮೊನ್ನೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಹಿತ್ತಿಲಿನ ಹಳೆಯ ಮಾವಿನ ಮರದ ತುದಿಯಲ್ಲಿ ಬೇರೊಂದು ಹಕ್ಕಿ ಕುಳಿತಿತ್ತು. ಅಚ್ಚ ಬಿಳಿ ತಲೆ, ಬಿಳಿ ಹೊಟ್ಟೆ, ಬೂದು ರೆಕ್ಕೆ. ಬಿಳಿಹೊಟ್ಟೆಯ ಕಡಲ ಹದ್ದು! ರೆಕ್ಕೆ ಬಿಚ್ಚಿದಾಗ ಸುಮಾರು 2 ಮೀಟರ್ ಅಗಲ.

ಮೀನು, ಕಡಲ ಹಾವುಗಳೇ ಇದರ ಆಹಾರ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಇವುಗಳ ಹೆಸರಾಂತ ನೆಲೆ. ದಡದಲ್ಲಾದರೆ ಎತ್ತರದ ಮರ ಹುಡುಕಿ, ವರ್ಷ ವರ್ಷವೂ ಅದೇ ಗೂಡಿಗೆ ಹೊಸ ಕಡ್ಡಿ ಸೇರಿಸಿ, ಸಾಮಾನ್ಯವಾಗಿ 2 ಮೊಟ್ಟೆ ಇಡುತ್ತವೆ. ಮರ ಉರುಳಿದರೆ ವರ್ಷಗಳ ಸಂಸಾರವೇ ಉರುಳಿದಂತೆ.

ರೆಕ್ಕೆ ಬಿಚ್ಚಿ ಮಡಿಸುವ ಹಕ್ಕಿಗಳತ್ತ ಸೂರಃ ಅಲ್ ಮುಲ್ಕ್‌ನ 19ನೇ ಸೂಕ್ತ ನಮ್ಮ ಗಮನ ಸೆಳೆಯುತ್ತದೆ. ಹೊಸ ಮನೆಯ ನಕ್ಷೆ ಬರೆಸುವಾಗ ಹಳೆಯ ಮರಕ್ಕೂ ಒಂದಿಷ್ಟು ಜಾಗ ಬಿಡೋಣವಲ್ಲವೇ?