ಹದಿನೆಂಟು ಲೀಟರಿನ ಪೀಸಿ

"ಡಬ್ಬಿ ಎಷ್ಟ ದೊಡ್ಡದೈತಿ?" ಅಂತ ಅಪ್ಪ ಫೋನಿನಲ್ಲಿ ಕೇಳಿದ. "ಹದಿನೆಂಟು ಲೀಟರ್" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದ್ರಾಗ ಹಾಲ ಹಾಕ್ತಿಯೇನೋ ತಮ್ಮಾ?"

ನಮ್ಮ ಮನೆಯಲ್ಲಿ ಲೀಟರ್ ಅಂದ್ರೆ ಎಮ್ಮೆ ಹಾಲು, ಇಲ್ಲಾ ಟ್ರ್ಯಾಕ್ಟರಿನ ಡೀಸೆಲ್. ಆದರೆ ಪೀಸಿ ಕೇಸನ್ನೂ ಲೀಟರಿನಲ್ಲೇ ಅಳೀತಾರೆ. ಸಾಮಾನ್ಯ ಮಿಡ್-ಟವರ್ ಕೇಸ್ ಸುಮಾರು 40 ಲೀಟರ್, ಅಂದ್ರೆ ಡೇರಿಯ ದೊಡ್ಡ ಕ್ಯಾನು. ನಾನು ತಗೊಂಡ ಕೂಲರ್ ಮಾಸ್ಟರ್ ಎನ್‌ಆರ್200 18.25 ಲೀಟರ್, ಹೆಚ್ಚುಕಡಿಮೆ 15 ಕೆ.ಜಿ.ಯ ಎಣ್ಣಿ ಡಬ್ಬಿ. (ಇದು ಕಾಲು ಬಿಟ್ಟು ಹಾಕಿದ ಲೆಕ್ಕ. ಕಾಲು ಸೇರಿಸಿ ನೀವೇ ಗುಣಿಸಿ ನೋಡಿ, 20 ದಾಟುತ್ತೆ.)

ಸಣ್ಣದೇ ಯಾಕೆ ಅಂದ್ರೆ ಬಸ್ಸಿಗಾಗಿ. ಸೆಮ್ ಮುಗಿದ ಮೇಲೆ ಹಾಸ್ಟೆಲ್ ಖಾಲಿ ಮಾಡಿ, ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ಕಬ್ಬೂರ ಮುಟ್ಟಬೇಕು. ತೊಡೆ ಮೇಲೆ ಕೂರಬೇಕು ಅದು. ಹಾಗಂತ ಆರ್‌ಟಿಎಕ್ಸ್ 4070 ಬಿಡೋ ಮನಸ್ಸಿರಲಿಲ್ಲ. ದುಡ್ಡು ಕಬ್ಬಿನ ಬಿಲ್ಲಿನದು, ಬೋರಿಗೆ ಹೊಸ ಮೋಟರ್ ಕೂಡಿಸಬೇಕು ಅಂತ ಅಪ್ಪ ಎತ್ತಿಟ್ಟಿದ್ದ. "ಓದಾಕ ಬೇಕಲ್ಲ?" ಅಂದ. "ಹ್ಞೂಂ, ದೊಡ್ಡ ಸಾಫ್ಟ್‌ವೇರ್ ಅದಾವು" ಅಂದೆ. ಪೂರ್ತಿ ಸುಳ್ಳಲ್ಲ. ಪೂರ್ತಿ ಖರೇನೂ ಅಲ್ಲ.

ಮೊದಲು ಕಣ್ಣಿಟ್ಟಿದ್ದು ಫ್ರ್ಯಾಕ್ಟಲ್ ಟೆರ್ರಾ ಮೇಲೆ. ಬರೀ 10.4 ಲೀಟರ್, ನೋಡೋಕೆ ಹಳೇ ರೇಡಿಯೋ ಥರ. ಆದರೆ ಅದರಲ್ಲಿ ಸಿಪಿಯು ಕೂಲರ್ ಹೆಚ್ಚೆಂದ್ರೆ 77 ಮಿ.ಮೀ. ಎತ್ತರ ಇರಬಹುದು. 4070 ಕಾರ್ಡ್ ಒಂದೇ 200 ವ್ಯಾಟ್ ತಿನ್ನುತ್ತೆ, ತಿಂದದ್ದೆಲ್ಲ ಶಾಖವಾಗಿ ಹೊರಗೆ ಬರಬೇಕು. ನಮ್ಮ ತಗಡಿನ ಖೋಲಿಯ ಮೇ ತಿಂಗಳು ನೆನಪಾಗಿ ಟೆರ್ರಾ ಬಿಟ್ಟೆ. ಎನ್‌ಆರ್200 ಒಳಗೆ 155 ಮಿ.ಮೀ. ಕೂಲರ್ ಹಿಡಿಯುತ್ತೆ, ತಳದಿಂದ ಕಾರ್ಡಿಗೆ ನೇರ ಗಾಳಿ. ಆದ್ರೂ ಸಣ್ಣದಾದಷ್ಟು ರೇಟ್ ಜಾಸ್ತಿ. 17 ಸೆ.ಮೀ. ಚೌಕದ ಮಿನಿ-ಐಟಿಎಕ್ಸ್ ಬೋರ್ಡೇ ಬೇಕು. ಹಳೇ ಎಟಿಎಕ್ಸ್ ಪವರ್ ಸಪ್ಲೈ ಕೂಡಲ್ಲ, ಎಸ್‌ಎಫ್‌ಎಕ್ಸ್ ಬೇಕು.

ಇಷ್ಟೆಲ್ಲ ಓದಿಕೊಂಡವನು ಸೀನಿಯರ್ ಒಬ್ಬರ ಹತ್ತಿರ ಸೆಕೆಂಡ್‌ಹ್ಯಾಂಡ್ ಕೂಲರ್ ತಗೊಳ್ಳುವಾಗ ಅಳತೆಯನ್ನೇ ನೋಡಲಿಲ್ಲ. 159 ಮಿ.ಮೀ. ನಾಲ್ಕೇ ನಾಲ್ಕು ಮಿ.ಮೀ. ಜಾಸ್ತಿ, ಪಕ್ಕದ ಪ್ಯಾನೆಲ್ ಕೂಡಲೇ ಇಲ್ಲ. ಫಸ್ಟ್ ಇಯರ್ ಡ್ರಾಯಿಂಗ್‌ನಲ್ಲಿ ಪಾಸಾದವನು ನಾನು!

ಫೆಬ್ರವರಿ ರಜೆಗೆ ಕಾರ್ಡ್ ಬಿಚ್ಚಿ ಟಾವೆಲಿನಲ್ಲಿ ಸುತ್ತಿ, ಪ್ಯಾನೆಲ್ ಚೀಲದಲ್ಲಿ ಹಾಕಿಕೊಂಡು ಊರಿಗೆ ಹೋದೆ. ತೊಡೆ ಮೇಲೆ ಕೂತಿತು, ಅದೊಂದು ಲೆಕ್ಕ ಸರಿ ಇತ್ತು.

"ಮುಚ್ಚಳ ಎಲ್ಲಿ?" ಅಪ್ಪ ಕೇಳಿದ. ಹೇಳಿದೆ. "ಇರ್ಲಿ ಬಿಡು. ನಮ್ಮ ಟ್ರ್ಯಾಕ್ಟರಿಗೂ ಬಾನೆಟ್ ಇಲ್ಲ, ಓಡತೈತಿಲ್ಲ?"

ಎರಡು ದಿನ ಓಡಿತು. ಮೂರನೇ ದಿನ ಯಾರದೋ ಹೊಲದಲ್ಲಿ ಕಬ್ಬಿನ ರವದಿ ಸುಟ್ಟರು. ಕರಿ ಹಾರಿ ಬಂದು ಫ್ಯಾನಿಗೆಲ್ಲ ಮೆತ್ತಿತು. ಅಂದು ರಾತ್ರಿ ಬ್ರಶ್ ಹಿಡಿದು ಕೂತಿದ್ದಾಗ ಅಪ್ಪ ಪಕ್ಕದಲ್ಲಿ ಬಂದು ಕೂತ. ಸ್ಕ್ರೀನಿನಲ್ಲಿ ರೇಸಿಂಗ್ ಗೇಮ್ ನಿಂತಿತ್ತು.

"ಇದ ಓದೂದೇನ?"

"ಇಲ್ಲಪಾ. ಆಟ."

ಅಪ್ಪ ಏನೂ ಅನ್ನಲಿಲ್ಲ. ಮುಂಜಾನೆ ನಾನು ಏಳೋ ಹೊತ್ತಿಗೆ ಕಿಟಕಿಗೆ ಹಾಕಿ ಉಳಿದಿದ್ದ ಸೊಳ್ಳೆ ಜಾಳಿಗೆಯನ್ನು ಕತ್ತರಿಸಿ, ಪ್ಯಾನೆಲ್ ಜಾಗಕ್ಕೆ ಸರಿಯಾಗಿ ಬಿಗಿದು ಕಟ್ಟಿ, ಹೊಲಕ್ಕೆ ಹೋಗಿದ್ದ. ಟೇಪ್ ಹಿಡಿದು ಅಳೆದಿರಬೇಕು, ಎಲ್ಲೂ ಸಡಿಲ ಇರಲಿಲ್ಲ.

154 ಮಿ.ಮೀ. ಕೂಲರ್ ಒಂದು ನೋಡಿಟ್ಟಿದ್ದೀನಿ. ದುಡ್ಡು ಕೇಳೋಕೆ ಬಾಯಿ ಬರ್ತಿಲ್ಲ. ಬೋರಿನ ಮೇಲೆ ಇನ್ನೂ ಹಳೇ ಮೋಟರೇ ಇದೆ.